ಜಿಪಿಅಪ್‌ಡೇಟ್ ಯಶಸ್ವಿ ಎನ್ನುತ್ತದೆ, ಪಾಲಿಸಿ ಮಾತ್ರ ಜಾರಿಗೆ ಬರುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ: ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಪ್ರಧಾನ ಕಚೇರಿಯಲ್ಲಿ ವಿಂಡೋಸ್ ಸರ್ವರ್‌ನ ಎರಡು ಡೊಮೈನ್ ಕಂಟ್ರೋಲರ್‌ಗಳಿವೆ (ಸಂಘದ ಖಾತೆಗಳು, ಸಿಸ್ಟಂಗಳೆಲ್ಲ ಸೇರಿರುವ ಡೊಮೈನನ್ನು ನಿಯಂತ್ರಿಸುವ ಸರ್ವರ್‌ಗಳು). ಚಿತ್ರದುರ್ಗದ ಶಾಖೆ ಬ್ರಾಡ್‌ಬ್ಯಾಂಡ್ ಮೇಲಿನ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಇಲ್ಲಿಗೆ ಸೇರಿದೆ. ಪೆನ್‌ಡ್ರೈವ್ ಬಳಕೆಯನ್ನು ತಡೆಯಲು ಒಂದು, 10 ನಿಮಿಷ ಕೆಲಸ ನಡೆಯದಿದ್ದರೆ ಸ್ಕ್ರೀನ್ ಲಾಕ್ ಆಗಲು ಒಂದು, ಹೀಗೆ ಎರಡು ಗ್ರೂಪ್ ಪಾಲಿಸಿ (ಸರ್ವರ್‌ನಿಂದ ಸಿಸ್ಟಂಗಳಿಗೆ ಹೋಗುವ ಸೆಟ್ಟಿಂಗ್‌ಗಳ ಕಟ್ಟು) ಮಾಡಿ, ಕೌಂಟರ್ ಸಿಬ್ಬಂದಿಯ ಖಾತೆಗಳಿರುವ ಒಯುಗೆ (ಆರ್ಗನೈಸೇಷನಲ್ ಯುನಿಟ್, ಅಂದರೆ ಡೊಮೈನ್‌ನಲ್ಲಿ ಖಾತೆಗಳನ್ನು ವಿಂಗಡಿಸಿಡುವ ವಿಭಾಗ) ಲಿಂಕ್ ಮಾಡಿದ್ದೇನೆ. ಲಾಕ್ ಪಾಲಿಸಿಯು ಕ್ಯಾಷಿಯರ್‌ಗಳ ಗುಂಪಿಗೆ ಮಾತ್ರ ಅನ್ವಯಿಸಲಿ ಎಂದು ಅದು ಯಾರಿಗೆ ಅನ್ವಯ ಎಂಬ ಪಟ್ಟಿಯಿಂದ ಅಥೆಂಟಿಕೇಟೆಡ್ ಯೂಸರ್ಸ್ (ಡೊಮೈನ್‌ಗೆ ಲಾಗಿನ್ ಆಗುವ ಎಲ್ಲರ ಗುಂಪು) ತೆಗೆದು ಆ ಗುಂಪನ್ನು ಸೇರಿಸಿದ್ದೇನೆ. ಪಾಲಿಸಿಗಳನ್ನು ಕೂಡಲೇ ತರಿಸುವ ಜಿಪಿಅಪ್‌ಡೇಟ್ ಕಮಾಂಡನ್ನು ಫೋರ್ಸ್ ಸೇರಿಸಿ ಕೊಟ್ಟಾಗಲೆಲ್ಲ ಯಶಸ್ವಿ ಎಂದೇ ಬರುತ್ತದೆ. ಆದರೆ ಪೆನ್‌ಡ್ರೈವ್ ಎಲ್ಲ ಕಡೆ ತೆರೆಯುತ್ತಿದೆ, ಸ್ಕ್ರೀನ್ ಲಾಕ್ ಆಗುತ್ತಿಲ್ಲ. ಚಿತ್ರದುರ್ಗದಲ್ಲಂತೂ ಹಳೆಯ ಪಾಲಿಸಿಗಳೂ ಒಮ್ಮೆ ಬರುತ್ತವೆ, ಒಮ್ಮೆ ಬರುವುದಿಲ್ಲ. ಎಲ್ಲ ಸಿಸ್ಟಂಗಳನ್ನೂ ಫಾರ್ಮ್ಯಾಟ್ ಮಾಡಿ ಮತ್ತೆ ಡೊಮೈನ್‌ಗೆ ಸೇರಿಸುವುದೊಂದೇ ದಾರಿಯೇ?

ಉತ್ತರ: ಫಾರ್ಮ್ಯಾಟ್ ಮಾಡಬೇಡಿ. ನೀವು ಕೊಟ್ಟಿರುವ ವಿವರಗಳಲ್ಲಿ ಸಿಸ್ಟಂಗಳು ಕೆಟ್ಟಿವೆ ಎನ್ನಲು ಯಾವ ಕುರುಹೂ ಇಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಸೇರಿಸಿದರೂ ಇದೇ ತೊಂದರೆ ಇದೇ ರೂಪದಲ್ಲಿ ಮರುದಿನವೂ ನಿಮ್ಮ ಮುಂದಿರುತ್ತದೆ. ನೀವು ಒಂದೇ ತೊಂದರೆ ಎಂದು ಭಾವಿಸಿರುವುದು ವಾಸ್ತವವಾಗಿ ಮೂರು. ಪೆನ್‌ಡ್ರೈವ್ ಪಾಲಿಸಿ ತಪ್ಪು ಜಾಗಕ್ಕೆ ಲಿಂಕ್ ಆಗಿದೆ, ಲಾಕ್ ಪಾಲಿಸಿಯನ್ನು ಓದಲು ಸಿಸ್ಟಂಗೆ ಅನುಮತಿ ಇಲ್ಲ, ಚಿತ್ರದುರ್ಗದ ಸಿಸ್ಟಂಗಳಿಗೆ ಡೊಮೈನ್ ಕಂಟ್ರೋಲರ್ ಎಲ್ಲಿದೆ ಎಂಬುದೇ ಎಷ್ಟೋ ಹೊತ್ತು ತಿಳಿಯುತ್ತಿಲ್ಲ. ಮೂರನ್ನೂ ಸರ್ವರ್ ಮುಂದೆ ಕುಳಿತು ಊಹಿಸುವ ಬದಲು, ಜಾರಿಗೆ ಬಾರದ ಸಿಸ್ಟಂ ಮುಂದೆ ಕುಳಿತು ಅದರ ವರದಿಯನ್ನೇ ಓದಿ ಖಚಿತಪಡಿಸಿಕೊಳ್ಳಬಹುದು.

ಮೊದಲು ಆ ಯಶಸ್ವಿ ಎಂಬ ಸಂದೇಶದ ವಿಷಯ. ಸಿಸ್ಟಂ ಡೊಮೈನ್ ಕಂಟ್ರೋಲರನ್ನು ತಲುಪಿತು, ತನಗೆ ಅನ್ವಯಿಸುವ ಪಾಲಿಸಿಗಳ ಪಟ್ಟಿಯನ್ನು ಪಡೆಯಿತು, ಪಟ್ಟಿಯಲ್ಲಿದ್ದದ್ದನ್ನು ಪೂರೈಸಿತು ಎಂಬಷ್ಟೇ ಅದರ ಅರ್ಥ. ನಿಮ್ಮ ಪಾಲಿಸಿ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಸಂದೇಶ ಅದೇ ಬರುತ್ತದೆ. ಫೋರ್ಸ್ ಎಂದು ಸೇರಿಸುವುದರಿಂದ ಪಟ್ಟಿ ಬದಲಾಗುವುದಿಲ್ಲ. ಕಳೆದ ಬಾರಿಗಿಂತ ಬದಲಾಗಿಲ್ಲವೆಂದು ಸಾಮಾನ್ಯವಾಗಿ ಬಿಟ್ಟುಬಿಡುವ ಸೆಟ್ಟಿಂಗ್‌ಗಳನ್ನೂ ಮತ್ತೊಮ್ಮೆ ಬರೆಯುವುದು ಮಾತ್ರ ಅದರ ಕೆಲಸ. ಹೇಗೂ ಪ್ರತಿಯೊಂದು ಸಿಸ್ಟಂ ತಾನಾಗಿಯೇ 90 ನಿಮಿಷಕ್ಕೊಮ್ಮೆ, ಅದರ ಮೇಲೆ 30 ನಿಮಿಷದವರೆಗಿನ ಯಾದೃಚ್ಛಿಕ ವಿಳಂಬ ಸೇರಿಸಿಕೊಂಡು, ಪಾಲಿಸಿಗಳನ್ನು ಕೇಳುತ್ತಲೇ ಇರುತ್ತದೆ. ಆದ್ದರಿಂದ ಎರಡು ಗಂಟೆಯೊಳಗೆ ಬಾರದ ಪಾಲಿಸಿಗೆ ಹತ್ತು ಬಾರಿ ಫೋರ್ಸ್ ಕೊಟ್ಟು ಪ್ರಯೋಜನವಿಲ್ಲ.

ಕೇಳಬೇಕಾದ ಕಮಾಂಡ್ ಜಿಪಿರಿಸಲ್ಟ್. ಕ್ಯಾಷಿಯರ್ ತಮ್ಮ ಖಾತೆಯಿಂದ ಲಾಗಿನ್ ಆಗಿರುವಾಗ ಅದೇ ಸಿಸ್ಟಂನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಜಿಪಿರಿಸಲ್ಟ್ ಬರೆದು ಸ್ಲ್ಯಾಶ್ ಎಚ್ ಸೇರಿಸಿ, ಒಂದು ಫೈಲಿನ ಹೆಸರು ಕೊಟ್ಟರೆ ಬ್ರೌಸರ್‌ನಲ್ಲಿ ಓದಬಹುದಾದ ವರದಿ ಸಿದ್ಧವಾಗುತ್ತದೆ. ಸ್ಲ್ಯಾಶ್ ಆರ್ ಕೊಟ್ಟರೆ ಅದರ ಸಾರಾಂಶ ಅಲ್ಲಿಯೇ ಕಾಣುತ್ತದೆ. ಇಲ್ಲಿ ಬಹಳ ಮಂದಿ ಎಡವುವ ಎರಡು ಜಾಗಗಳಿವೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ವರದಿಯಲ್ಲಿ ಕಂಪ್ಯೂಟರ್ ಭಾಗವೇ ಬರುವುದಿಲ್ಲ. ತಮ್ಮದೇ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೊಟ್ಟು ತೆರೆದರೆ ಬಳಕೆದಾರರ ಭಾಗವು ಅಡ್ಮಿನ್ ಖಾತೆಯ ಲೆಕ್ಕವನ್ನು ಹುಡುಕುತ್ತದೆ, ಕ್ಯಾಷಿಯರ್ ಅವರದನ್ನಲ್ಲ. ಆ ಖಾತೆ ಅಲ್ಲಿ ಎಂದೂ ಲಾಗಿನ್ ಆಗಿರದಿದ್ದರೆ ದತ್ತಾಂಶವೇ ಇಲ್ಲ ಎನ್ನುತ್ತದೆ. ಸ್ಲ್ಯಾಶ್ ಯೂಸರ್ ಎಂದು ಬರೆದು ಕ್ಯಾಷಿಯರ್ ಅವರ ಲಾಗಿನ್ ಹೆಸರನ್ನು ಸೇರಿಸಿದರೆ ಇದು ಸರಿಹೋಗುತ್ತದೆ.

ಸಾರಾಂಶದಲ್ಲಿ ನಾನು ಮೊದಲು ನೋಡುವುದು ಪಾಲಿಸಿಗಳ ಹೆಸರನ್ನಲ್ಲ, ಕಂಪ್ಯೂಟರ್ ಸೆಟ್ಟಿಂಗ್ಸ್ ಎಂಬ ಶೀರ್ಷಿಕೆಯ ಕೆಳಗಿನ ಮೂರು ವಿವರಗಳನ್ನು: ಡೈರೆಕ್ಟರಿಯಲ್ಲಿ (ಡೊಮೈನ್‌ನ ಖಾತೆಗಳ ದಾಖಲೆಯಲ್ಲಿ) ಸಿಸ್ಟಂ ಎಲ್ಲಿದೆ ಎಂಬ ಉದ್ದನೆಯ ವಿಳಾಸ, ಪಾಲಿಸಿ ಕೊನೆಯ ಬಾರಿ ಜಾರಿಯಾದ ಸಮಯ, ಮತ್ತು ಯಾವ ಸರ್ವರ್‌ನಿಂದ ಬಂತು ಎಂಬುದು. ಸಮಯ ಇಂದಿನದಾಗಿದ್ದು ಸರ್ವರ್ ಹೆಸರೂ ಸರಿಯಿದ್ದರೆ ನೆಟ್‌ವರ್ಕ್ ತಂಟೆ ಬಹುಮಟ್ಟಿಗೆ ಇಲ್ಲ, ಪಾಲಿಸಿಯ ಏರ್ಪಾಡಿನಲ್ಲಿಯೇ ದೋಷ ಹುಡುಕಬೇಕು; ಸಮಯ ವಾರದ ಹಿಂದಿನದಾಗಿದ್ದರೆ ಪಾಲಿಸಿಯನ್ನು ಬಿಟ್ಟು ನೆಟ್‌ವರ್ಕ್ ಕಡೆ ಹೋಗಬೇಕು. ನಿಮ್ಮ ದಾವಣಗೆರೆಯ ಸಿಸ್ಟಂಗಳು ಮೊದಲನೆಯ ಬಗೆಯವು, ಚಿತ್ರದುರ್ಗದವು ಎರಡನೆಯ ಬಗೆಯವು ಎಂದು ನಿಮ್ಮ ವಿವರಣೆಯಿಂದ ತಿಳಿಯುತ್ತದೆ.

ಈಗ ಪೆನ್‌ಡ್ರೈವ್ ಪಾಲಿಸಿ. ಪ್ರತಿಯೊಂದು ಗ್ರೂಪ್ ಪಾಲಿಸಿಯಲ್ಲಿ ಎರಡು ಭಾಗಗಳಿವೆ: ಕಂಪ್ಯೂಟರ್ ಕಾನ್ಫಿಗರೇಷನ್, ಯೂಸರ್ ಕಾನ್ಫಿಗರೇಷನ್. ಮೊದಲನೆಯದು ಕಂಪ್ಯೂಟರ್‌ನ ಖಾತೆ ಯಾವ ಒಯುನಲ್ಲಿದೆಯೋ ಅಲ್ಲಿಗೆ ಲಿಂಕ್ ಆಗಿದ್ದರೆ ಮಾತ್ರ ಜಾರಿಗೆ ಬರುತ್ತದೆ. ಎರಡನೆಯದು ಬಳಕೆದಾರರ ಖಾತೆ ಇರುವ ಒಯುವನ್ನು ನೋಡುತ್ತದೆ. ರಿಮೂವಬಲ್ ಸ್ಟೋರೇಜ್ ಆಕ್ಸೆಸ್ ಎಂಬ ಸೆಟ್ಟಿಂಗ್ ಎರಡೂ ಭಾಗಗಳಲ್ಲಿ ಇರುವುದರಿಂದ ಗೊಂದಲ ಹೆಚ್ಚು. ನೀವು ಅದನ್ನು ಕಂಪ್ಯೂಟರ್ ಭಾಗದಲ್ಲಿ ತುಂಬಿ, ಸಿಬ್ಬಂದಿಯ ಖಾತೆಗಳು ಮಾತ್ರ ಇರುವ ಒಯುಗೆ ಲಿಂಕ್ ಮಾಡಿದ್ದೀರಿ ಎಂದು ನನ್ನ ಬಲವಾದ ಅನುಮಾನ. ಕ್ಯಾಷಿಯರ್‌ಗಳಿಗೆ ಬರೆದ ಸುತ್ತೋಲೆಯನ್ನು ಅಧ್ಯಕ್ಷರ ಕೊಠಡಿಯ ಬೋರ್ಡಿಗೆ ಅಂಟಿಸಿದಂತೆ: ಸುತ್ತೋಲೆಯಲ್ಲಿ ತಪ್ಪಿಲ್ಲ, ಅಂಟಿಸಿದವರೂ ಕೆಲಸ ಮುಗಿಸಿದ್ದಾರೆ, ಓದಬೇಕಾದವರು ಮಾತ್ರ ಆ ಕೊಠಡಿಗೆ ಬರುವುದೇ ಇಲ್ಲ.

ಹಾಗಿದ್ದರೆ ಪಾಲಿಸಿಯನ್ನು ಕಂಪ್ಯೂಟರ್‌ಗಳ ಒಯುಗೆ ಲಿಂಕ್ ಮಾಡಿದರೆ ಮುಗಿಯಿತೇ? ಅಲ್ಲಿ ಇನ್ನೊಂದು ತೊಡಕು ಕಾದಿರಬಹುದು, ಅದು ಮೇಲೆ ಹೇಳಿದ ಉದ್ದನೆಯ ವಿಳಾಸದಲ್ಲಿ ಕಾಣುತ್ತದೆ. ಸಿಸ್ಟಂ ಹೆಸರಿನ ಬಳಿಕ ಒಯು ಎಂದು ಆರಂಭವಾಗುವ ಹೆಸರಿದ್ದರೆ ಸರಿ. ಅದರ ಬದಲು ಸಿಎನ್ ಸಮ ಚಿಹ್ನೆ ಕಂಪ್ಯೂಟರ್ಸ್ ಎಂದಿದ್ದರೆ, ಆ ಸಿಸ್ಟಂ ಡೊಮೈನ್‌ಗೆ ಸೇರಿಸಿದ ದಿನ ತಾನಾಗಿ ಹೋಗಿ ಬಿದ್ದ ಜಾಗದಲ್ಲಿಯೇ ಇನ್ನೂ ಇದೆ ಎಂದರ್ಥ. ನೋಡಲು ಫೋಲ್ಡರಿನಂತೆಯೇ ಕಂಡರೂ ಅದು ಒಯು ಅಲ್ಲ, ಬರಿಯ ಕಂಟೇನರ್. ಅದಕ್ಕೆ ಪಾಲಿಸಿಯನ್ನು ಲಿಂಕ್ ಮಾಡಲು ಬರುವುದೇ ಇಲ್ಲ, ಡೊಮೈನ್‌ನ ಮಟ್ಟದಲ್ಲಿ ಲಿಂಕ್ ಆದವು ಮಾತ್ರ ಅಲ್ಲಿನ ಸಿಸ್ಟಂಗಳಿಗೆ ಸಿಗುತ್ತವೆ. ಸರ್ವರ್‌ನಲ್ಲಿ ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್ ತೆರೆದು, ದಾವಣಗೆರೆಗೆ ಒಂದು, ಚಿತ್ರದುರ್ಗಕ್ಕೆ ಒಂದು ಎಂದು ಕಂಪ್ಯೂಟರ್‌ಗಳ ಒಯುಗಳನ್ನು ಮಾಡಿ, ಸಿಸ್ಟಂಗಳನ್ನು ಅಲ್ಲಿಗೆ ಸರಿಸಿ, ಪೆನ್‌ಡ್ರೈವ್ ಪಾಲಿಸಿಯನ್ನು ಅವಕ್ಕೆ ಲಿಂಕ್ ಮಾಡಿ. ಮುಂದೆ ಖರೀದಿಸುವ ಸಿಸ್ಟಂಗಳೂ ಅದೇ ಕಂಟೇನರ್‌ಗೆ ಬೀಳದಿರಲು ರೆಡಿರ್‌ಸಿಎಂಪಿ ಎಂಬ ಕಮಾಂಡಿನಿಂದ ಡಿಫಾಲ್ಟ್ ಜಾಗವನ್ನೇ ಒಂದು ಒಯುಗೆ ಬದಲಿಸಿಬಿಡುವುದು ಒಳ್ಳೆಯದು.

ಬಳಿಕ ಸಿಸ್ಟಂಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಲೇಬೇಕು. ಈ ಸೆಟ್ಟಿಂಗ್‌ನ ವಿವರಣೆಯಲ್ಲಿಯೇ ಹೇಳಿರುವಂತೆ, ಬಲವಂತದ ರೀಸ್ಟಾರ್ಟ್‌ಗೆ ಸಮಯ ನಿಗದಿ ಮಾಡದಿದ್ದರೆ ಸಿಸ್ಟಂ ಮರಳಿ ಆರಂಭವಾಗುವವರೆಗೆ ತಡೆ ಪೂರ್ಣವಾಗಿ ಜಾರಿಗೆ ಬರುವುದಿಲ್ಲ. ಸಂಜೆ ಶಟ್‌ಡೌನ್ ಮಾಡದೆ ಮಾನಿಟರ್ ಮಾತ್ರ ಆರಿಸಿ ಹೋಗುವ ಪದ್ಧತಿ ನಿಮ್ಮ ಕೌಂಟರಿನಲ್ಲಿದ್ದರೆ, ಸರಿಯಾದ ಪಾಲಿಸಿ ಸರಿಯಾದ ಒಯುನಲ್ಲಿದ್ದೂ ದಿನಗಟ್ಟಲೆ ಕೆಲಸ ಮಾಡದಂತೆ ಕಾಣುತ್ತದೆ.

ಲಿಂಕ್ ಸರಿಯಿದ್ದೂ ಮತ್ತೊಂದು ಪಾಲಿಸಿ ಅದನ್ನು ಮೀರುವುದುಂಟು. ಸ್ಥಳೀಯ ಪಾಲಿಸಿ, ಸೈಟ್ (ಕಚೇರಿಯ ಸ್ಥಳ), ಡೊಮೈನ್, ಒಯು ಎಂಬ ಕ್ರಮದಲ್ಲಿ ಅವು ಓದಲ್ಪಡುತ್ತವೆ, ಕೊನೆಗೆ ಬಂದದ್ದೇ ಉಳಿಯುತ್ತದೆ. ಎನ್‌ಫೋರ್ಸ್ಡ್ ಎಂದು ಗುರುತಿಸಿದ ಮೇಲಿನ ಪಾಲಿಸಿ ಮಾತ್ರ ಈ ನಿಯಮವನ್ನು ದಾಟುತ್ತದೆ. ಬ್ರೌಸರ್‌ನಲ್ಲಿ ತೆರೆದ ವರದಿಯಲ್ಲಿ ಪ್ರತಿ ಸೆಟ್ಟಿಂಗ್‌ನ ಪಕ್ಕದಲ್ಲಿ ಗೆದ್ದ ಪಾಲಿಸಿಯ ಹೆಸರು ಇರುವುದರಿಂದ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸ್ಕ್ರೀನ್ ಲಾಕ್ ಪಾಲಿಸಿಯ ಕಥೆ ಬೇರೆ. ಅದು ಬಳಕೆದಾರರ ಭಾಗದ್ದು, ಬಳಕೆದಾರರ ಒಯುಗೆ ಲಿಂಕ್ ಆಗಿದೆ, ಕ್ಯಾಷಿಯರ್‌ಗಳ ಗುಂಪೂ ಅದರ ಪಟ್ಟಿಯಲ್ಲಿದೆ. ಹಳೆಯ ತರಬೇತಿ ಪುಸ್ತಕಗಳ ಪ್ರಕಾರ ಎಲ್ಲವೂ ಸರಿ. 2016ರ ಜೂನ್‌ವರೆಗೆ ಹಾಗೆಯೇ ಇತ್ತು. ಆ ತಿಂಗಳು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಎಂಎಸ್16-072 ಎಂಬ ಭದ್ರತಾ ಅಪ್‌ಡೇಟ್ ಬಳಿಕ, ಬಳಕೆದಾರರ ಪಾಲಿಸಿಗಳನ್ನು ಕೂಡ ಸಿಸ್ಟಂ ತನ್ನ ಕಂಪ್ಯೂಟರ್ ಖಾತೆಯ ಹೆಸರಿನಲ್ಲಿಯೇ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಹಾದಿಯ ನಡುವೆ ಯಾರಾದರೂ ನುಸುಳಿ ನಕಲಿ ಪಾಲಿಸಿ ಕೊಡದಿರಲಿ ಎಂಬುದು ಅದರ ಉದ್ದೇಶ. ಆದರೆ ಪರಿಣಾಮವಾಗಿ, ಕ್ಯಾಷಿಯರ್‌ಗೆ ಅನುಮತಿ ಇದ್ದರಷ್ಟೇ ಸಾಲದು, ಅವರು ಕುಳಿತಿರುವ ಸಿಸ್ಟಂಗೂ ಆ ಪಾಲಿಸಿಯನ್ನು ಓದುವ ಅನುಮತಿ ಬೇಕು. ಅಥೆಂಟಿಕೇಟೆಡ್ ಯೂಸರ್ಸ್ ಎಂಬ ಗುಂಪಿನೊಳಗೆ ಡೊಮೈನ್‌ನ ಕಂಪ್ಯೂಟರ್ ಖಾತೆಗಳೂ ಸೇರಿರುತ್ತವೆ. ನೀವು ಅದನ್ನು ತೆಗೆದಾಗ ಬಳಕೆದಾರರ ಜೊತೆಗೆ ಅವುಗಳ ಅನುಮತಿಯನ್ನೂ ತೆಗೆದಿರಿ. ಇದು ಬಹಳ ಹಿಂದಿನ ಬದಲಾವಣೆಯಾದರೂ, ಒಳ್ಳೆಯ ಅನುಭವವಿರುವವರೂ ಇಂದಿಗೂ ಇಲ್ಲಿಯೇ ಸಿಕ್ಕಿಬೀಳುತ್ತಾರೆ, ಏಕೆಂದರೆ ವರದಿ ಕೂಡ ಈ ಸಂದರ್ಭದಲ್ಲಿ ಅನುಮತಿ ಇಲ್ಲ ಎಂದು ಸ್ಪಷ್ಟವಾಗಿ ಹೇಳದೆ, ಕಾರಣ ತಿಳಿಯದು ಎಂಬರ್ಥದ ಸಾಲನ್ನು ಕೊಟ್ಟು ಸುಮ್ಮನಾಗಬಹುದು.

ಸರಿಪಡಿಸುವುದು ಒಂದು ನಿಮಿಷದ ಕೆಲಸ. ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾಲಿಸಿಯನ್ನು ಆರಿಸಿ, ಡೆಲಿಗೇಷನ್ ಟ್ಯಾಬಿಗೆ ಹೋಗಿ, ಡೊಮೈನ್ ಕಂಪ್ಯೂಟರ್ಸ್ ಗುಂಪನ್ನು ಸೇರಿಸಿ, ರೀಡ್ ಅನುಮತಿ ಮಾತ್ರ ಕೊಡಿ. ಅಪ್ಲೈ ಅನುಮತಿ ಬೇಡ. ಸೆಕ್ಯುರಿಟಿ ಫಿಲ್ಟರಿಂಗ್ ಪಟ್ಟಿಯಲ್ಲಿ ಕ್ಯಾಷಿಯರ್‌ಗಳ ಗುಂಪು ಇದ್ದಂತೆಯೇ ಇರಲಿ. ಆ ಗುಂಪಿಗೆ ಇತ್ತೀಚೆಗೆ ಸೇರಿಸಿದವರು ಒಮ್ಮೆ ಲಾಗ್‌ಆಫ್ ಆಗಿ ಬರಬೇಕು, ಏಕೆಂದರೆ ಗುಂಪಿನ ಸದಸ್ಯತ್ವವನ್ನು ವಿಂಡೋಸ್ ಲಾಗಿನ್ ಸಮಯದಲ್ಲಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೂ, ನಾನಾಗಿದ್ದರೆ ಈ ಪಾಲಿಸಿಯನ್ನೇ ಕೈಬಿಡುತ್ತಿದ್ದೆ. ನಗದು ಕೌಂಟರಿನ ಸಿಸ್ಟಂ ಯಾರು ಕುಳಿತರೂ ಲಾಕ್ ಆಗಬೇಕಲ್ಲವೇ? ಕ್ಯಾಷಿಯರ್ ರಜೆಯಲ್ಲಿದ್ದು ವ್ಯವಸ್ಥಾಪಕರೇ ಕುಳಿತ ದಿನ, ಅವರು ಗುಂಪಿನಲ್ಲಿ ಇಲ್ಲದ ಕಾರಣ ಸ್ಕ್ರೀನ್ ತೆರೆದೇ ಇರುತ್ತದೆ. ಕಂಪ್ಯೂಟರ್ ಭಾಗದ ಸೆಕ್ಯುರಿಟಿ ಆಪ್ಷನ್ಸ್‌ನಲ್ಲಿ ಮಷೀನ್ ಇನ್‌ಆಕ್ಟಿವಿಟಿ ಲಿಮಿಟ್ ಎಂಬ ಸೆಟ್ಟಿಂಗ್ ಇದೆ, ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಕೆಲಸ ಮಾಡುತ್ತದೆ. ಲೆಕ್ಕ ಸೆಕೆಂಡುಗಳಲ್ಲಿ, ಹಾಗಾಗಿ 10 ನಿಮಿಷಕ್ಕೆ 600 ಎಂದು ಬರೆಯಬೇಕು. ಇದನ್ನು ಪೆನ್‌ಡ್ರೈವ್ ಪಾಲಿಸಿಯ ಜೊತೆಗೇ ಕಂಪ್ಯೂಟರ್‌ಗಳ ಒಯುಗೆ ಕೊಟ್ಟರೆ ಗುಂಪು, ಫಿಲ್ಟರ್, ಅನುಮತಿ ಯಾವುದರ ಗೋಜೂ ಇರುವುದಿಲ್ಲ.

ಚಿತ್ರದುರ್ಗದ್ದು ನಿಜವಾದ ನೆಟ್‌ವರ್ಕ್ ತೊಂದರೆ. ಅದು ಇಷ್ಟು ದಿನ ಯಾರ ಕಣ್ಣಿಗೂ ಬೀಳದಿರಲು ಕಾರಣ, ಡೊಮೈನ್ ಕಂಟ್ರೋಲರ್ ಸಿಗದಿದ್ದರೂ ಲಾಗಿನ್ ಆಗುತ್ತದೆ ಎಂಬುದು. ಇತ್ತೀಚೆಗೆ ಬಳಸಿದ 10 ಖಾತೆಗಳ ಲಾಗಿನ್ ಗುರುತನ್ನು ವಿಂಡೋಸ್ ಸಿಸ್ಟಂನಲ್ಲಿಯೇ ಉಳಿಸಿಕೊಂಡಿರುತ್ತದೆ, ಆದ್ದರಿಂದ ಸಿಬ್ಬಂದಿ ಎಂದಿನಂತೆ ಪಾಸ್‌ವರ್ಡ್ ಕೊಟ್ಟು ಒಳಗೆ ಬರುತ್ತಾರೆ, ಇಂಟರ್ನೆಟ್ಟೂ ನಡೆಯುತ್ತದೆ, ಪಾಲಿಸಿ ಮಾತ್ರ ಬರುವುದಿಲ್ಲ. ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್ ತೆರೆದು ನೋಡಿ: ಗ್ರೂಪ್ ಪಾಲಿಸಿ ಮೂಲದಿಂದ 1129 ಎಂಬ ಸಂಖ್ಯೆಯ ದೋಷ ಬೆಳಗಿನ ಹೊತ್ತು ಕಂಡರೆ, ಡೊಮೈನ್ ಕಂಟ್ರೋಲರ್‌ಗೆ ನೆಟ್‌ವರ್ಕ್ ಸಂಪರ್ಕ ಸಿಗಲಿಲ್ಲ ಎಂದೇ ಅರ್ಥ.

ಆ ಸಿಸ್ಟಂಗಳಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು ಡಿಎನ್‌ಎಸ್ ಸರ್ವರ್ (ಹೆಸರು ಕೊಟ್ಟರೆ ನೆಟ್‌ವರ್ಕ್ ವಿಳಾಸ ಹುಡುಕಿಕೊಡುವ ಸರ್ವರ್) ಎಂಬ ಸಾಲನ್ನು ಓದಿ. ದಾವಣಗೆರೆಯ ಡೊಮೈನ್ ಕಂಟ್ರೋಲರ್‌ಗಳ ವಿಳಾಸ ಬಿಟ್ಟು ಬೇರೇನೂ ಅಲ್ಲಿ ಇರಬಾರದು. ಸಾಮಾನ್ಯವಾಗಿ ಕಾಣುವುದು ಎರಡರಲ್ಲಿ ಒಂದು: ಬ್ರಾಡ್‌ಬ್ಯಾಂಡ್ ರೂಟರ್ ತಾನೇ ವಿಳಾಸ ಹಂಚುತ್ತ ತನ್ನನ್ನೇ ಡಿಎನ್‌ಎಸ್ ಎಂದು ಕೊಟ್ಟಿರುತ್ತದೆ, ಇಲ್ಲವೇ ಯಾರೋ ಮೊದಲನೆಯದಾಗಿ ಡೊಮೈನ್ ಕಂಟ್ರೋಲರನ್ನೂ ಎರಡನೆಯದಾಗಿ, ಇರಲಿ ಎಂದು, ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8 ಅನ್ನೂ ಬರೆದಿರುತ್ತಾರೆ. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂಬ ನಿಮ್ಮ ಮಾತು ಎರಡನೆಯದರ ಲಕ್ಷಣ. ಡೊಮೈನ್ ಕಂಟ್ರೋಲರ್‌ಗಳ ವಿಳಾಸವನ್ನು ಹೇಳುವ ಎಸ್‌ಆರ್‌ವಿ ದಾಖಲೆಗಳು ನಿಮ್ಮ ಆಂತರಿಕ ಡಿಎನ್‌ಎಸ್‌ನಲ್ಲಿ ಮಾತ್ರ ಇರುತ್ತವೆ. ವಿಪಿಎನ್ ಒಂದು ಕ್ಷಣ ಕಡಿದು ಮೊದಲ ಡಿಎನ್‌ಎಸ್ ಉತ್ತರಿಸದಿದ್ದಾಗ ಸಿಸ್ಟಂ ಎರಡನೆಯದಕ್ಕೆ ಹೋಗುತ್ತದೆ. ಹೊರಗಿನ ಆ ಸರ್ವರ್ ಅಂಥ ಹೆಸರೇ ಇಲ್ಲ ಎಂದು ಖಡಾಖಂಡಿತವಾಗಿ ಉತ್ತರಿಸುತ್ತದೆ. ಇಲ್ಲ ಎಂಬುದೂ ಉತ್ತರವೇ ಆದ್ದರಿಂದ ಸಿಸ್ಟಂ ಮತ್ತೊಬ್ಬರನ್ನು ಕೇಳುವುದಿಲ್ಲ, ವಿಪಿಎನ್ ಮರಳಿ ಬಂದ ಮೇಲೂ ಕೆಲಕಾಲ ಅದೇ ಹೊರಗಿನ ಸರ್ವರನ್ನೇ ಕೇಳುತ್ತಿರಬಹುದು. ಎನ್‌ಎಲ್‌ಟೆಸ್ಟ್ ಕಮಾಂಡಿಗೆ ಸ್ಲ್ಯಾಶ್ ಡಿಎಸ್‌ಗೆಟ್‌ಡಿಸಿ, ಕೋಲನ್, ಬಳಿಕ ನಿಮ್ಮ ಡೊಮೈನ್ ಹೆಸರು ಸೇರಿಸಿ ಓಡಿಸಿದರೆ ಆ ಗಳಿಗೆಯಲ್ಲಿ ಡೊಮೈನ್ ಕಂಟ್ರೋಲರ್ ಸಿಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಹೊರಗಿನ ಡಿಎನ್‌ಎಸ್ ತೆಗೆದರೆ ವಿಪಿಎನ್ ಇಲ್ಲದ ಹೊತ್ತು ಶಾಖೆಯಲ್ಲಿ ಇಂಟರ್ನೆಟ್ಟೇ ನಿಲ್ಲುತ್ತದೆ ಎಂದು ಶಾಖೆಯವರು ಆಕ್ಷೇಪಿಸಬಹುದು, ಅದು ನ್ಯಾಯವೂ ಹೌದು. ರೂಟರ್‌ನಲ್ಲಿ ಕಂಡೀಷನಲ್ ಫಾರ್ವರ್ಡಿಂಗ್ ಸೌಲಭ್ಯವಿದ್ದರೆ ನಿಮ್ಮ ಡೊಮೈನ್ ಹೆಸರಿನ ಪ್ರಶ್ನೆಗಳನ್ನು ಮಾತ್ರ ದಾವಣಗೆರೆಗೂ ಉಳಿದವನ್ನು ಹೊರಗೂ ಕಳುಹಿಸುವಂತೆ ಮಾಡಿ, ಸಿಸ್ಟಂಗಳಿಗೆ ರೂಟರನ್ನೇ ಡಿಎನ್‌ಎಸ್ ಆಗಿ ಕೊಡಬಹುದು. ಮೇಲೆ ಹೇಳಿದ ನಿಯಮಕ್ಕೆ ನಾನು ಒಪ್ಪುವ ವಿನಾಯಿತಿ ಇದೊಂದೇ. ಶಾಖೆಯಲ್ಲಿಯೇ ಓದಲು ಮಾತ್ರ ಬರುವ ಡೊಮೈನ್ ಕಂಟ್ರೋಲರ್ ಇಡುವ ವ್ಯವಸ್ಥೆ ವಿಂಡೋಸ್ ಸರ್ವರ್ 2008ರಿಂದ ಇದೆಯಾದರೂ, ನಾಲ್ಕಾರು ಸಿಸ್ಟಂಗಳ ಶಾಖೆಗೆ ಅದರ ಖರ್ಚು ಮತ್ತು ನಿಗಾ ಹೊರೆಯೇ ಸರಿ.

ಬೆಳಿಗ್ಗೆ ಮೇನ್ ಸ್ವಿಚ್ ಹಾಕಿದೊಡನೆ ಎಲ್ಲ ಸಿಸ್ಟಂಗಳೂ ರೂಟರ್ ಕೂಡ ಒಟ್ಟಿಗೇ ಆನ್ ಆಗುವ ಶಾಖೆಗಳಲ್ಲಿ ಇನ್ನೊಂದು ತೊಡಕುಂಟು. ಎಸ್‌ಎಸ್‌ಡಿ ಇರುವ ಸಿಸ್ಟಂ ಲಾಗಿನ್ ಪರದೆಗೆ ಬರುವ ಹೊತ್ತಿಗೆ ರೂಟರ್ ಇನ್ನೂ ವಿಪಿಎನ್ ಕಟ್ಟುತ್ತಲೇ ಇರುತ್ತದೆ. ಸಾಮಾನ್ಯ ಸೆಟ್ಟಿಂಗ್‌ಗಳು ನಂತರ ಹಿನ್ನೆಲೆಯಲ್ಲಿ ಬಂದುಬಿಡುತ್ತವೆ. ತಂತ್ರಾಂಶ ಅಳವಡಿಕೆ, ಫೋಲ್ಡರ್ ರೀಡೈರೆಕ್ಷನ್, ಸ್ಟಾರ್ಟ್‌ಅಪ್ ಸ್ಕ್ರಿಪ್ಟ್‌ನಂಥವು ಬರುವುದಿಲ್ಲ. ಆರಂಭದಲ್ಲಿಯೂ ಲಾಗಿನ್‌ನಲ್ಲಿಯೂ ನೆಟ್‌ವರ್ಕ್‌ಗಾಗಿ ಕಾಯುವ ಪಾಲಿಸಿಯನ್ನು ಚಾಲೂ ಮಾಡಿ, ಸ್ಟಾರ್ಟ್‌ಅಪ್ ಪಾಲಿಸಿ ಪ್ರೊಸೆಸಿಂಗ್ ವೇಟ್ ಟೈಮ್ ಹೆಚ್ಚಿಸಿದರೆ ಇದು ತಗ್ಗುತ್ತದೆ. ರೂಟರ್‌ಗೆ ಪ್ರತ್ಯೇಕ ಸಣ್ಣ ಯುಪಿಎಸ್ ಕೊಟ್ಟು ರಾತ್ರಿಯೂ ಆರಿಸದಿರುವುದು ಅದಕ್ಕಿಂತ ಸುಲಭ. ಲಿಂಕಿನ ವೇಗ ಸೆಕೆಂಡಿಗೆ 500 ಕಿಲೋಬಿಟ್‌ಗಿಂತ ಕಡಿಮೆಯೆಂದು ಕಂಡಾಗ ವಿಂಡೋಸ್ ತಂತ್ರಾಂಶ ಅಳವಡಿಕೆಯಂಥ ಭಾರದ ಕೆಲಸಗಳನ್ನು ತಾನೇ ಬಿಡುತ್ತದೆ ಎಂಬುದೂ ಗಮನದಲ್ಲಿರಲಿ.

1129ರ ಬದಲು 1058 ಕಂಡರೆ ವಿಷಯ ಬೇರೆ. ಪಾಲಿಸಿಯ ಒಂದು ಭಾಗ ಡೈರೆಕ್ಟರಿಯಲ್ಲಿರುತ್ತದೆ, ಇನ್ನೊಂದು ಸಿಸ್‌ವಾಲ್ ಎಂಬ ಹಂಚಿದ ಫೋಲ್ಡರಿನಲ್ಲಿ ಫೈಲುಗಳಾಗಿ ಇರುತ್ತದೆ; ಪಟ್ಟಿ ಸಿಕ್ಕಿದೆ, ಫೈಲು ಓದಲು ಆಗಲಿಲ್ಲ ಎಂದು 1058 ಹೇಳುತ್ತದೆ. ಫೈರ್‌ವಾಲ್‌ನಲ್ಲಿ ಡೈರೆಕ್ಟರಿಗೆ ಬೇಕಾದ 389ನೆಯ ಪೋರ್ಟ್ ತೆರೆದು ಫೈಲುಗಳಿಗೆ ಬೇಕಾದ 445ನೆಯ ಪೋರ್ಟ್ ಮುಚ್ಚಿದ್ದರೆ ಹೀಗಾಗುತ್ತದೆ. ನಿಮ್ಮಲ್ಲಿ ಎರಡು ಡೊಮೈನ್ ಕಂಟ್ರೋಲರ್‌ಗಳಿರುವುದರಿಂದ ಅವೆರಡರ ಸಿಸ್‌ವಾಲ್ ಒಂದೇ ಆಗಿದೆಯೇ ಎಂದೂ ನೋಡಬೇಕು. ಒಂದು ಸರ್ವರ್ 60 ದಿನಕ್ಕಿಂತ ಹೆಚ್ಚು ಕಾಲ ಫೈಲ್ ನಕಲಿನಿಂದ ಹೊರಗುಳಿದರೆ, ಆ ನಕಲನ್ನು ನೋಡಿಕೊಳ್ಳುವ ಡಿಎಫ್‌ಎಸ್‌ಆರ್ ಎಂಬ ಸೇವೆ ಅದನ್ನು ಮರಳಿ ಸೇರಿಸಿಕೊಳ್ಳುವುದಿಲ್ಲ, 4012 ಎಂಬ ದೋಷ ಬರೆದು ನಿಲ್ಲುತ್ತದೆ. ಆಗ ಸಿಸ್ಟಂ ಯಾವ ಸರ್ವರನ್ನು ತಲುಪಿತು ಎಂಬುದರ ಮೇಲೆ ಹೊಸ ಅಥವಾ ಹಳೆಯ ಪಾಲಿಸಿ ಸಿಗುತ್ತದೆ. ವರದಿಯಲ್ಲಿನ ಸರ್ವರ್ ಹೆಸರನ್ನು ಓದಿ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಯಾವುದೋ ಒಂದೇ ಸಿಸ್ಟಂ ಹಠ ಹಿಡಿದರೆ ಅದರ ಗಡಿಯಾರ ನೋಡಿ. ಡೊಮೈನ್‌ನಲ್ಲಿ ಗುರುತನ್ನು ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುವ ಹಳೆಯ ಸಿಸ್ಟಂಗೆ ಬೇಕಾಗಿರುವುದು ಮದರ್‌ಬೋರ್ಡಿನ ಮೇಲಿನ ಸಿಆರ್2032 ನಾಣ್ಯ ಬ್ಯಾಟರಿ ಅಷ್ಟೇ.

ಪೆನ್‌ಡ್ರೈವ್ ತಡೆಯನ್ನು ಎಲ್ಲ ಸಿಸ್ಟಂಗಳಿಗೂ ಒಮ್ಮೆಲೇ ಬಿಡುವ ಮೊದಲು ಲೆಕ್ಕಪತ್ರ ವಿಭಾಗವನ್ನು ಕೇಳಿಕೊಳ್ಳಿ. ಎಲ್ಲ ಬಗೆಯ ರಿಮೂವಬಲ್ ಸ್ಟೋರೇಜ್ ನಿಷೇಧಿಸುವ ಸೆಟ್ಟಿಂಗ್ ಸಿಡಿ, ಡಿವಿಡಿ ಹಾಗೂ ಕೇಬಲ್‌ನಿಂದ ಜೋಡಿಸಿದ ಮೊಬೈಲನ್ನೂ ತಡೆಯುತ್ತದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳಲ್ಲಿ ಹಲವು ತಮ್ಮ ಡ್ರೈವರನ್ನು ಒಂದು ಸಿಡಿಯ ರೂಪದಲ್ಲಿ ತೋರಿಸುತ್ತವೆ. ಡ್ರೈವರ್ ಮೊದಲೇ ಅಳವಡಿಸಿದ್ದರೆ ಸಹಿ ನಡೆಯುತ್ತದೆ, ಇಲ್ಲದಿದ್ದರೆ ಹೊಸ ಸಿಸ್ಟಂನಲ್ಲಿ ಟೋಕನ್ ತೆರೆಯುವುದೇ ಇಲ್ಲ. ಅಂಥ ಸಿಸ್ಟಂಗಳಿಗೆ ರಿಮೂವಬಲ್ ಡಿಸ್ಕ್‌ಗಳನ್ನು ಮಾತ್ರ ತಡೆಯುವ ಸೆಟ್ಟಿಂಗ್ ಇರುವ ಬೇರೆ ಪಾಲಿಸಿಯನ್ನು ಬೇರೆ ಒಯುನಲ್ಲಿ ಕೊಡಿ, ಮೊದಲು ಒಂದು ಸಿಸ್ಟಂನಲ್ಲಿ ಟೋಕನ್ ಹಾಕಿ ಸಹಿ ಮಾಡಿಸಿ ನೋಡಿದ ಮೇಲೆಯೇ ಉಳಿದವನ್ನು ಅಲ್ಲಿಗೆ ಸರಿಸಿ.